ನಮಗೆಂದೇ ಇಟ್ಟ ಸೂಜಿ

೩ ಫೆಬ್ರುವರಿ

ಕತ್ತರಿಗೆ,

ಕೋಪ ಇದ್ದರೆ ಇರಲಿ, ಕಾಗದ ಮಾತ್ರ ಕೊನೆಯವರೆಗೆ ಓದು. ಲಕೋಟೆ ತೆಗೆಯಲು ಕಷ್ಟವಾಗಿರಬೇಕು. ಕಾರ್ಖಾನೆಯಲ್ಲಿ ಚಪ್ಪಲಿಗೆ ಅಟ್ಟೆ ಅಂಟಿಸುವ ಗೋಂದನ್ನೇ ಬಳಿದಿದ್ದೇನೆ, ಹರಿದರೆ ಹರಿಯುತ್ತದೆ, ಬಿಚ್ಚಿಕೊಳ್ಳುವುದಿಲ್ಲ. ನಡುವೆ ಯಾರಾದರೂ ತೆರೆದು ನೋಡಿದ್ದರೆ ನಿನಗೆ ಗೊತ್ತಾಗಬೇಕಲ್ಲ. ಫೋನು ಮಾಡೋಣವೆಂದರೆ ನಿಮ್ಮ ಹಾಸ್ಟೆಲಿನಲ್ಲಿ ಎಲ್ಲರಿಗೂ ಒಂದೇ ಫೋನು, ಅದೂ ವಾರ್ಡನ್ನಿನ ಮೇಜಿನ ಮೇಲೆ. ಇಲ್ಲಿ ನನ್ನದು ಅರ್ಧ ದಿನ ಅತ್ತಿಗೆಯ ಕೈಯಲ್ಲೇ ಇರುತ್ತದೆ. ನನಗೆ ಎಚ್‌ಐವಿ ಇದೆ ಅನ್ನುವುದೇ ಅತ್ತಿಗೆಗೆ ಗೊತ್ತಿಲ್ಲ. ಇನ್ನು ಈಗ ಬಂದಿರುವುದನ್ನು ಯಾವ ಬಾಯಲ್ಲಿ ಹೇಳಲಿ.

ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳ ರಕ್ತಪರೀಕ್ಷೆಯಲ್ಲಿ ನನಗೆ ಹೆಪಟೈಟಿಸ್ ಸಿ ಅಂತ ಬಂದಿದೆ. ಲಿವರಿಗೆ ಹತ್ತುವ ವೈರಸ್ಸಂತೆ. ಬೇರೆ ಯಾರದೋ ಚೀಟಿ ನನ್ನ ಕೈಗೆ ಬಂದಿರಬೇಕು ಅಂತ ಜಗಳವಾಡಿದೆ, ಮತ್ತೆ ರಕ್ತ ತೆಗೆದರು, ಮತ್ತೆ ಅದೇ. ನಮ್ಮಿಬ್ಬರಿಗೂ ಎಚ್‌ಐವಿ ಮಾತ್ರೆ ಕೊಡುವ ಕ್ಲಿನಿಕ್ಕಿನ ನರ್ಸಮ್ಮ, ಅದೇ ನಿನ್ನನ್ನು ಬೆಂಚಿನ ಮೇಲಿದ್ದವರೆಲ್ಲರ ಎದುರು ಬೈದಳಲ್ಲ, ಅವಳು ನನ್ನನ್ನು ಒಳಗೆ ಕೂರಿಸಿ ಒಂದೊಂದೇ ಕೇಳಿದಳು. ಎಂದಾದರೂ ಬೇರೆಯವರ ರಕ್ತ ಹಾಕಿಸಿಕೊಂಡಿದ್ದೀಯಾ, ಹಚ್ಚೆ ಹಾಕಿಸಿಕೊಂಡಿದ್ದೀಯಾ, ಯಾರದಾದರೂ ಬ್ಲೇಡು ಬಳಸಿದ್ದೀಯಾ. ಇನ್ನೂ ಏನೇನೋ ಕೇಳಿದಳು, ನೆಲ ನೋಡಿಕೊಂಡು ಇಲ್ಲ ಇಲ್ಲ ಅಂದೆ. ಕೊನೆಗೆ, ಹೊರಗೆ ಎಲ್ಲಾದರೂ ಇಂಜೆಕ್ಷನ್ ತಗೊಂಡಿದ್ದೀಯಾ ಅಂದಳು. ಆಗ ಸೂಜಿಮಾವನ ನೀಲಿ ಮುಚ್ಚಳದ ಡಬ್ಬಿ ಕಣ್ಣ ಮುಂದೆ ಬಂತು.

ಕಾರ್ಖಾನೆಯ ಹಿಂದಿನ ಓಣಿ, ಪರದೆ ಕಟ್ಟಿದ ಆ ಕೋಣೆ. ನಮ್ಮ ಗುಟ್ಟು ಗೊತ್ತಿದ್ದೂ ಸುಸ್ತಿಗೆ ಶಕ್ತಿಯ ಸೂಜಿ ಹಾಕುತ್ತಿದ್ದವನು ಅವನೊಬ್ಬನೇ. "ನಿಮ್ಮದು ಬೇರೆ ಇಟ್ಟಿದ್ದೀನಮ್ಮ" ಅಂತ ಆ ಡಬ್ಬಿ ತೆಗೆಯುತ್ತಿದ್ದ. ನಮಗೆಂದೇ ಒಂದು ಸೂಜಿ ಅಂತ ನಾವಿಬ್ಬರೂ ಎಷ್ಟು ಹಿಗ್ಗಿದ್ದೆವು. ಕ್ಲಿನಿಕ್ಕಿನ ಬೆಂಚಿನಿಂದ ಇನ್ನೂ ಎಷ್ಟೋ ಮಂದಿ ಅಲ್ಲಿಗೆ ಹೋಗುತ್ತಾರೆ. ಅವರಿಗೂ ಅದೇ ಡಬ್ಬಿ, ಅದೇ ಸೂಜಿ, ಬಿಸಿನೀರಲ್ಲಿ ಜಾಲಿಸಿ ಜಾಲಿಸಿ.

ನಾನು ಹೊರಗೆ ಇಬ್ಬರ ಚೀಲ ಹಿಡಿದು ಕೂರುತ್ತಿದ್ದೆ, ನೀನು ಮೊದಲು ಪರದೆಯೊಳಗೆ ಹೋಗುತ್ತಿದ್ದೆ. ಆಮೇಲೆ ನಾನು. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಪರೀಕ್ಷೆ ಮಾಡಿಸಿಕೋ. ಎಚ್‌ಐವಿ ಇದ್ದವರಲ್ಲಿ ಇದೂ ಸೇರಿದರೆ ಲಿವರು ಬೇಗ ಕೆಡುತ್ತದಂತೆ, ಕೆಡುವುದು ಗೊತ್ತೂ ಆಗುವುದಿಲ್ಲವಂತೆ. ಅಲ್ಲಿ ನಿನಗೆ ಮಾತ್ರೆ ಕೊಡುವ ಕಡೆಯೇ ಕೇಳಿದರೆ ಮಾಡುತ್ತಾರೆ.

ಅಕ್ಷರ ತಪ್ಪಿದ್ದರೆ ಸರಿ ಮಾಡಿ ಓದಿಕೋ. ಬೇಗ ಬರಿ.

ಇಂತಿ,
ಗೋಂದು


೨೦ ಫೆಬ್ರುವರಿ

ಕತ್ತರಿಗೆ,

ಉತ್ತರ ಇಲ್ಲ. ಕಾಗದ ಸಿಗಲಿಲ್ಲವೋ, ಸಿಕ್ಕಿ ಒಲೆಗೆ ಹೋಯಿತೋ. ಕೆಂಪು ಪೆಟ್ಟಿಗೆಗೆ ಹಾಕಿದ ಮೇಲೆ ಒಳಗೆ ಬಿತ್ತೋ ಇಲ್ಲವೋ ಅಂತ ಕೈ ಹಾಕಿ ನೋಡಿದ್ದೆ, ಹಿಂದೆ ನಿಂತಿದ್ದವರು ಬೈದರು.

ಇಲ್ಲಿ ನನ್ನ ಕಥೆ ಕೇಳು. ಹೆಪಟೈಟಿಸ್ ಸಿಗೆ ಮಾತ್ರೆ ಇದೆಯಂತೆ, ಮೂರು ತಿಂಗಳು ನುಂಗಿದರೆ ಹೆಚ್ಚಿನವರಿಗೆ ಪೂರ್ತಿ ಹೋಗುತ್ತದಂತೆ. ಕೇಳಿ ಅಲ್ಲೇ ಅತ್ತುಬಿಟ್ಟೆ. ನಮ್ಮ ಕಾಯಿಲೆಯಲ್ಲಿ ಹೋಗುತ್ತದೆ ಅನ್ನುವ ಮಾತು ಕೇಳಿ ಅಭ್ಯಾಸವಿಲ್ಲವಲ್ಲ. ಅಳು ನಿಂತ ಮೇಲೆ ಶುರುವಾಯಿತು ನೋಡು ಓಡಾಟ. ಲಿವರು ನೋಡುವ ಕೋಣೆ ಮೂರನೇ ಮಹಡಿಯಲ್ಲಿ. ಅಲ್ಲಿ ಹೋದರೆ, ನೀನು ಎಚ್‌ಐವಿಗೆ ಯಾವ ಮಾತ್ರೆ ತಗೋತೀಯೋ ಅದಕ್ಕೂ ಇದಕ್ಕೂ ಹೊಂದುತ್ತದೋ ಇಲ್ಲವೋ ಬರೆಸಿಕೊಂಡು ಬಾ ಅಂದರು. ಕೆಳಗೆ ಬಂದರೆ, ಅವರು ಯಾವುದು ಕೊಡುತ್ತಾರೋ ಮೊದಲು ಬರೆಸಿಕೊಂಡು ಬಾ ಅಂದರು. ಮೇಲೆ ಹೋದೆ. ಹೆಪಟೈಟಿಸ್ ಬಿ ಇದೆಯೋ ನೋಡಿಲ್ಲ, ಅದಿದ್ದರೆ ಇದಕ್ಕೆ ಔಷಧಿ ಕೊಟ್ಟಾಗ ಅದು ಎದ್ದು ಕೂರುತ್ತದೆ ಅಂದರು. ಅದರ ಪರೀಕ್ಷೆಯ ಯಂತ್ರ ಕೆಟ್ಟಿತ್ತು. ಮುಂದಿನ ವಾರ ಬಾ. ಮುಂದಿನ ವಾರ ಹೋದರೆ ಯಂತ್ರ ಸರಿಯಾಗಿತ್ತು, ನಡೆಸುವವನು ರಜೆಯಲ್ಲಿದ್ದ. ಲಿಫ್ಟಿನವನು ನನ್ನನ್ನು ನೋಡಿ "ಇಲ್ಲೇ ಹಾಸಿಗೆ ತಂದುಬಿಡಮ್ಮ" ಅಂದ. ನಗುವವರು ನಕ್ಕರು.

ಪ್ರತಿ ಸಲ ಅರ್ಧ ದಿನದ ರಜೆ. ಮೇಸ್ತ್ರಿಗೆ ಹಲ್ಲುನೋವು ಅಂತ ಹೇಳಿದ್ದೇನೆ. ಇಷ್ಟು ಸಲ ಹೋದವಳ ಬಾಯಲ್ಲಿ ಇನ್ನೂ ಹಲ್ಲು ಉಳಿದಿದೆಯಾ ಅಂತ ಬಗ್ಗಿ ನೋಡುತ್ತಾನೆ.

ನೀನು ಹೋಗಿದ್ದೀಯಾ ಇಲ್ಲವಾ, ಅದೊಂದು ಹೇಳು.

ಗೋಂದು


೧ ಮಾರ್ಚ್

ಗೋಂದಮ್ಮನವರಿಗೆ,

ಎರಡು ಕಾಗದವೂ ಸಿಕ್ಕಿವೆ. ಲಕೋಟೆ ತೆರೆಯಲು ಚರ್ಮ ಕತ್ತರಿಸುವ ಕತ್ತರಿಯನ್ನೇ ತರಬೇಕಾಯಿತು, ನನ್ನ ಹೆಸರಿಗೆ ತಕ್ಕ ಕೆಲಸ ಕೊಟ್ಟೆ. ಜೊತೆಯವರು ನನಗೆ ಯಾರೋ ಪ್ರೇಮಪತ್ರ ಬರೆಯುತ್ತಿದ್ದಾನೆ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ, ಗೌರವ ಹೆಚ್ಚಾಗಿದೆ.

ನಿನಗೆ ಬಂದದ್ದಕ್ಕೆ ಬೇಜಾರಾಯಿತು. ನಿಜವಾಗಿಯೂ. ಆದರೆ ನನ್ನನ್ನು ಎಳೆಯಬೇಡ. ದೊಡ್ಡದೇ ಮೈಯಲ್ಲಿ ಮನೆ ಮಾಡಿಕೊಂಡು ಕೂತಿರುವಾಗ ಈ ಚಿಕ್ಕಪುಟ್ಟದ್ದು ಬಂದು ಇನ್ನೇನು ಕಿತ್ತುಕೊಳ್ಳುತ್ತದೆ? ಬಾಗಿಲಲ್ಲಿ ನಿಂತು ಬಾಡಿಗೆ ಕೊಡಲಿ. ನಾನು ಚೆನ್ನಾಗಿದ್ದೇನೆ, ತಿನ್ನುತ್ತೇನೆ, ನಿದ್ದೆ ಮಾಡುತ್ತೇನೆ, ಇಲ್ಲಿ ಹದಿನಾರು ಹುಡುಗಿಯರ ಮೇಲೆ ನಾನೇ ಮೇಸ್ತ್ರಿ. ಇಲ್ಲಿ ರಕ್ತ ತೆಗೆಯುವವನ ಕೈ ನಡುಗುತ್ತದೆ ಬೇರೆ.

ನೀನು ನರ್ಸಮ್ಮನಿಗೆ ನನ್ನ ಮೇಲೆ ಚಾಡಿ ಹೇಳಿದ್ದನ್ನು ಇನ್ನೂ ಮರೆತಿಲ್ಲ.

ಕತ್ತರಿ


೯ ಮಾರ್ಚ್

ಕತ್ತರಿಗೆ,

ಚಾಡಿಯಂತೆ ಚಾಡಿ. ನೀನು ರಕ್ತಪರೀಕ್ಷೆಗೆ ವರ್ಷವಿಡೀ ಬರಲಿಲ್ಲ. ಔಷಧಿ ಮೈಯಲ್ಲಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ನೋಡುವ ಪರೀಕ್ಷೆ ಅದು. ರಕ್ತ ಕೊಡುವ ದಿನ ಬಂದರೆ ಸಾಕು, ನೀನು ಬೆಳಿಗ್ಗೆಯೇ ಯಾರ ಜೊತೆಗಾದರೂ ಜಗಳ ತೆಗೆಯುತ್ತಿದ್ದೆ, ಕೋಪ ಮಾಡಿಕೊಂಡು ಎದ್ದು ಹೋಗುತ್ತಿದ್ದೆ. ಅವಳು ಕೇಳಿದಳು, ನಾನು ಹೇಳಿದೆ. ಅದಕ್ಕೆ ನೀನು ನನಗೊಂದು ಮಾತೂ ಹೇಳದೆ ಬೇರೆ ಊರಿನ ಕಾರ್ಖಾನೆಗೆ ವರ್ಗ ಮಾಡಿಸಿಕೊಂಡು ಹೋದೆ. ನಿನ್ನ ಮೇಜಿನ ಮೇಲೆ ಬೇರೆಯವಳು ಚರ್ಮ ಹರಡಿ ಕತ್ತರಿಸುತ್ತಿದ್ದದ್ದು ನೋಡಿ ನನಗೆ ವಿಷಯ ಗೊತ್ತಾಯಿತು. ಇರಲಿ.

ಮನೆ ಮಾಡಿಕೊಂಡವನಿಗೂ ಬಾಗಿಲಲ್ಲಿ ನಿಂತವನಿಗೂ ಜಗಳ ಆಗುವುದಿಲ್ಲ, ಇಬ್ಬರೂ ಸೇರಿ ಮನೆ ಕೆಡವುತ್ತಾರೆ. ನರ್ಸಮ್ಮ ಅಷ್ಟೇ ಹೇಳಿದ್ದು, ನಾನು ನಿನ್ನ ಭಾಷೆಗೆ ತಿರುಗಿಸಿದೆ. ಅವಳು ಲಿವರಿನ ಚಿತ್ರ ತೋರಿಸಿದಳು. ಒಳ್ಳೆಯದು ನುಣುಪಾದ ಚರ್ಮದ ಹಾಗಿತ್ತು. ಕೆಟ್ಟದ್ದು, ನೆನೆದು ಒಣಗಿ ಗಂಟುಗಟ್ಟಿದ ತುಂಡಿನ ಹಾಗಿತ್ತು. ಅಂಥ ತುಂಡನ್ನು ನೀನೇ ಆಯ್ದು ಬಿಸಾಕುತ್ತಿದ್ದೆಯಲ್ಲ, ಹೊಲಿದರೆ ಸೀಳುತ್ತದೆ ಅಂತ.

ಚೆನ್ನಾಗಿದ್ದೇನೆ ಅನ್ನುತ್ತೀಯ. ನಾನೂ ಚೆನ್ನಾಗಿಯೇ ಇದ್ದೆ. ಈಗಲೂ ಇದ್ದೇನೆ. ಅದೇ ನನಗೆ ಭಯ.

ನಿನ್ನ ಕೈ ಹಿಡಿದು ಎಳೆದುಕೊಂಡು ಹೋಗೋಣವೆಂದರೆ ಒಂದು ದಿನದ ರೈಲು ದಾರಿ. ಹಲ್ಲುನೋವಿಗೆ ಅಷ್ಟು ರಜೆ ಸಿಗುವುದಿಲ್ಲ.

ಗೋಂದು


೨೫ ಮಾರ್ಚ್

ಗೋಂದು,

ಸಾಕು. ಸೂಜಿಮಾವನ ವಿಷಯ ಇನ್ನು ಬರೆಯಬೇಡ. ಗುಟ್ಟು ಗೊತ್ತಾದವರೆಲ್ಲ ನಮ್ಮ ಲೋಟ ಬೇರೆ ಇಟ್ಟಾಗ, ಅನುಮಾನ ಬಂದು ಹಳೆಯ ಮೇಸ್ತ್ರಿ ನನ್ನ ಕತ್ತರಿಯನ್ನು ಬಟ್ಟೆಯಲ್ಲಿ ಹಿಡಿದು ಎತ್ತಿದಾಗ, ಆ ಮನುಷ್ಯ ಬರಿಗೈಯಲ್ಲಿ ನಮ್ಮ ತೋಳು ಹಿಡಿದ. ಮಗಳೇ ಅಂತ ಕರೆದ. ಅವನಿಗೆ ಕಳಂಕ ಹಚ್ಚಿ ನಿನಗೇನು ಸಿಗುತ್ತದೆ? ನಿನಗೆ ಚಿಂತೆಗೆ ದಿನಕ್ಕೊಂದು ಗೂಟ ಬೇಕು. ಮೊದಲು ಅತ್ತಿಗೆ ಮಾತ್ರೆ ಡಬ್ಬಿ ನೋಡಿದಳೇನೋ ಅಂತ, ಆಮೇಲೆ ಬೀಗ ಹಾಕಿದೆನೋ ಇಲ್ಲವೋ ಅಂತ, ಈಗ ಇದು.

ನಾನು ಹೋಗುವುದಿಲ್ಲ. ಕಾಗದ ಬೇಡ.

ಕತ್ತರಿ


೧೮ ಏಪ್ರಿಲ್

ಕತ್ತರಿಗೆ,

ಬೇಡ ಅಂದಿದ್ದೀಯ, ಆದರೂ ಬರೆಯುತ್ತಿದ್ದೇನೆ. ಇದನ್ನು ಹೇಳಲು ನನಗೆ ಬೇರೆ ಯಾರೂ ಇಲ್ಲ.

ಕೊನೆಗೂ ಮಾತ್ರೆ ಶುರುವಾಯಿತು. ನನಗೆ ಬಿ ಇಲ್ಲವಂತೆ, ಎರಡೂ ಮಾತ್ರೆ ಒಂದಕ್ಕೊಂದು ಹೊಂದುತ್ತವಂತೆ. ಮೇಲಿನವರೂ ಕೆಳಗಿನವರೂ ಒಂದೇ ಕಾಗದದ ಮೇಲೆ ಸಹಿ ಹಾಕುವ ಹೊತ್ತಿಗೆ ಮೆಟ್ಟಿಲಿಗೆಲ್ಲ ನನ್ನ ಮುಖ ಗುರುತಾಗಿತ್ತು.

ಹೋದ ವಾರ ಮಾವನ ಹತ್ತಿರ ಹೋದೆ. ಬೈಯಲು ಅಲ್ಲ, ಡಬ್ಬಿ ಬಿಡು ಮಾವ ಅಂತ ಹೇಳಲು. ಒಳಗೆ ಟೈರು ಅಂಗಡಿಯವನು ಇದ್ದ, ಬೆನ್ನುನೋವಂತೆ. ನಾನು ಹೊಸ್ತಿಲ ಹೊರಗೆ ಕೂತೆ. ಪರದೆಯ ಹಿಂದಿನಿಂದ ಸರ್ರ್ ಅಂತ ಒಂದು ಸದ್ದು ಬಂತು, ಕಾಗದ ಹರಿದ ಹಾಗೆ. ಏನಪ್ಪ ಅಂದುಕೊಂಡೆ. ಅವನು ಹೊರಗೆ ಬಂದ, ಮಗು ಎತ್ತಿಕೊಂಡ ಒಬ್ಬಳು ಒಳಗೆ ಹೋದಳು, ಮತ್ತೆ ಸರ್ರ್. ಆಮೇಲೆ ನಮ್ಮ ಬೆಂಚಿನವಳು ಬಂದಳು, ಅದೇ ಒಂದು ಕಿವಿ ಮಂದ ಇರುವವಳು. ಅವಳು ಒಳಗೆ ಹೋದಾಗ ಸದ್ದಿಲ್ಲ. ಡಬ್ಬಿಯ ಮುಚ್ಚಳ ಟಪ್ ಅಂದಿತು, ಅಷ್ಟೇ.

ಇಷ್ಟು ವರ್ಷ ಹೊರಗೆ ಚೀಲ ಹಿಡಿದು ಕೂತವಳಿಗೆ ಬೇರೆಯವರ ಸದ್ದು ಕೇಳಿಸಿರಲಿಲ್ಲ. ನಮ್ಮನ್ನು ಎಲ್ಲರೂ ಹೋದ ಮೇಲೆ ಬರಲು ಹೇಳಿದ್ದ, ನೆನಪಿದೆಯಾ? ನಮ್ಮ ಮರ್ಯಾದೆ ಕಾಯಲು ಅಂತ ನಾವು ತಿಳಿದಿದ್ದೆವು.

ಅವಳು ಹೋದ ಮೇಲೆ ಒಳಗೆ ಹೋಗಿ ಕೇಳಿದೆ.

"ಮಾವ, ಅವರಿಗೆಲ್ಲ ಹೊಸ ಸೂಜಿಯ ಪೊಟ್ಟಣ ಹರಿದೆಯಲ್ಲ. ನಮಗೆ?"

"ನಿಮ್ಮದು ಬೇರೆ ಇದೆಯಲ್ಲಮ್ಮ."

"ಬೇರೆ ಅಂದ್ರೆ ಹಳೇದಾ?"

ಅವನಿಗೆ ನಾನು ಕೇಳಿದ್ದೇ ಅರ್ಥವಾಗಲಿಲ್ಲ. ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿ, "ನಿಮಗೆ ದೊಡ್ಡದೇ ಬಂದಾಗಿದೆ, ಇನ್ನೇನು ಬರ್ಬೇಕು ಹೇಳು" ಅಂದ.

ನೀನು ಮಾರ್ಚಿನಲ್ಲಿ ಬರೆದಿದ್ದೆಯಲ್ಲ, ಅದೇ ಮಾತು. ಅವನದೂ ನಿನ್ನದೂ ಒಂದೇ ಮಾತು. ನನಗೆ ಬಂದಿರುವುದನ್ನು ಹೇಳಿದೆ. ನೀರು ಬಿಸಿ ಸಾಲಲಿಲ್ಲವೇನೋ ಅಂದ. ಆಮೇಲೆ ಮುಖ ಸಣ್ಣಗಾಗಿದೆ ಅಂತ ನನಗೆ ಟೀ ಮಾಡಿಕೊಟ್ಟ. ಕೆಟ್ಟವನಾಗಿದ್ದರೆ ಬೈದು ಬರುತ್ತಿದ್ದೆ ಕಣೆ. ಟೀ ಕುಡಿದು ಲೋಟ ತೊಳೆದಿಟ್ಟು ಬಂದೆ. ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡಿದ್ದೆ. ಈಗ ನಿಜವಾಗಿಯೂ ಹಲ್ಲುನೋವು.

ಡಬ್ಬಿ ಮಾತ್ರ ಕೊಡಲಿಲ್ಲ. ಅದಕ್ಕೆ ದಿನಾ ಕೆಲಸ ಬಿಟ್ಟ ಮೇಲೆ ಅವನ ಹೊಸ್ತಿಲ ಪಕ್ಕ ಕೂರುತ್ತಿದ್ದೇನೆ. ನಮ್ಮ ಬೆಂಚಿನವರು ಯಾರು ಬಂದರೂ ಕಿವಿಯಲ್ಲಿ ಹೇಳುತ್ತೇನೆ. ಕಿವಿ ಮಂದದವಳಿಗೆ ಹೇಳಲು ಹೋಗಿ ಓಣಿಗೆಲ್ಲ ಕೇಳಿಸಿತು. ಒಬ್ಬ ತಿರುಗಿ ಹೋದ. ಒಬ್ಬಳು, ನಿನ್ನ ಹೊಟ್ಟೆಕಿಚ್ಚು ಅಂದಳು. ಇನ್ನೊಬ್ಬಳು ಎಲ್ಲ ಕೇಳಿಸಿಕೊಂಡು, "ನನ್ನ ಮುಟ್ಟೋರು ಇನ್ಯಾರಿದ್ದಾರೆ ಹೇಳು" ಅಂತ ಒಳಗೇ ಹೋದಳು. ಅವಳಿಗೆ ಏನು ಹೇಳಬೇಕಿತ್ತು, ನಿನಗೆ ಮಾತು ಹೊಳೆಯುತ್ತಿತ್ತು. ನನಗೆ ಹೊಳೆಯಲಿಲ್ಲ.

ಗೋಂದು


೨ ಜೂನ್

ಗೋಂದು,

ಇಷ್ಟು ದಿನ ಈ ಕಾಗದವನ್ನು ಬರೆದು ಹರಿದು ಬರೆದು ಹರಿದು ಇಟ್ಟೆ. ನಗಬೇಡ. ನಕ್ಕರೂ ನನಗೆ ತಿಳಿಸಬೇಡ.

ನಾನು ಆ ಸೂಜಿ ಹಾಕಿಸಿಕೊಳ್ಳುತ್ತಲೇ ಇರಲಿಲ್ಲ.

ಮೊದಲ ಸಲ ಒಂದೇ ಒಂದು ಹಾಕಿಸಿಕೊಂಡೆ. ಕಣ್ಣು ಕತ್ತಲೆ ಬಂದು ಮಾವನ ಸ್ಟೂಲಿನಿಂದ ಬಿದ್ದೆ. ಸ್ಟೂಲು ಬಿತ್ತು ಅಂತ ನಿನಗೆ ಹೇಳಿದ್ದೆ. ಆಮೇಲೆ ಪ್ರತಿ ಸಲ ಪರದೆಯೊಳಗೆ ಹೋಗಿ, ಔಷಧಿಯನ್ನು ಹತ್ತಿಗೆ ಬಿಡು ಮಾವ, ಹೊರಗಿರುವವಳಿಗೆ ಹೇಳಬೇಡ ಅಂತ ಕೈ ಮುಗಿಯುತ್ತಿದ್ದೆ. ಅವನು ನಗುತ್ತಿದ್ದ. ಒಂದು ನಿಮಿಷ ನಿಂತು ತೋಳು ಉಜ್ಜಿಕೊಂಡು ಹೊರಗೆ ಬರುತ್ತಿದ್ದೆ. ನೀನು ಒಬ್ಬಳೇ ಹೋಗಲು ಹೆದರುತ್ತಿದ್ದೆ, ಜೊತೆಗೆ ಬಾ ಅಂತ ಬೇಡುತ್ತಿದ್ದೆ. ಬಾಯಿಜೋರಿನವಳು ನಾನು, ಎಂಟು ಪದರ ಚರ್ಮ ಒಂದೇ ಏಟಿಗೆ ಕತ್ತರಿಸುವವಳು, ಕೂದಲಿನಷ್ಟು ಸೂಜಿಗೆ ಹೆದರುತ್ತೇನೆ ಅಂತ ನಿನಗೆ ಹೇಗೆ ಹೇಳಲಿ?

ರಕ್ತ ಕೊಡುವ ದಿನ ಜಗಳ ತೆಗೆಯುತ್ತಿದ್ದೆ ಅಂತ ಬರೆದಿದ್ದೀಯ. ಕಂಡುಹಿಡಿದೂ ಕಂಡುಹಿಡಿಯಲಿಲ್ಲ ನೀನು.

ಅದಕ್ಕೇ ನನಗೆ ಬಂದಿರಲಾರದು ಅಂತ ಗೊತ್ತಿತ್ತು. ಆದರೆ ಆ ಮೊದಲನೆಯದು ಒಂದಿದೆಯಲ್ಲ. ನಿನ್ನ ಹೊಸ್ತಿಲ ಕಾಗದ ಓದಿದ ಮೇಲೆ ಅದು ನೆನಪಾಗಿ ನಿದ್ದೆ ಬರುತ್ತಿಲ್ಲ. ನಿನ್ನ ಕಾಯಿಲೆ ಸೂಜಿಯಿಂದ ಬಂತು, ನನಗೆ ನಿನ್ನ ಚಿಂತೆ ಅಂಚೆಯಲ್ಲಿ ಬಂತು.

ಕತ್ತರಿ


೧೦ ಜೂನ್

ಕತ್ತರಿಗೆ,

ನಾಲ್ಕು ತಿಂಗಳಿಂದ ನಿನ್ನ ಲಿವರಿನ ಚಿಂತೆಯಲ್ಲಿ ನನ್ನ ಲಿವರು ಸುಟ್ಟುಕೊಂಡೆ. ಹಿಟ್ಟಿನಲ್ಲಿ ಉಪ್ಪು ಮರೆತೆ, ಎಡಗಾಲಿನ ಚಪ್ಪಲಿಗೆ ಬಲಗಾಲಿನ ಅಟ್ಟೆ ಅಂಟಿಸಿ ಒಂದು ಡಬ್ಬಿ ಮಾಲು ವಾಪಸ್ಸು ಬಂತು. ಒಂದು ಸಾಲು ಬರೆದಿದ್ದರೆ ಆಗುತ್ತಿತ್ತು. ಔಷಧಿಯನ್ನು ನಾನು ಹತ್ತಿಗೆ ಬಿಡಿಸುತ್ತಿದ್ದೆ ಅಂತ. ನಾಲ್ಕು ಪದ.

ನಕ್ಕೆ. ನಕ್ಕದ್ದಕ್ಕೆ ಅತ್ತಿಗೆ ಒಳಗಿಂದ ಏನದು ಅಂದಳು. ಕಾರ್ಖಾನೆಯ ಜೋಕು ಅಂದೆ.

ನಗು ಮುಗಿದ ಮೇಲೆ ಇನ್ನೊಂದು ಬಂತು. ಬರೆದೇಬಿಡುತ್ತೇನೆ. ಮೊದಲ ಸಲ ಆ ಬೆಂಚಿನ ಮೇಲೆ ನಿನ್ನನ್ನು ನೋಡಿದ ದಿನ, ಒಂದೇ ಕಾರ್ಖಾನೆಯವರು ಅಂತ ಗೊತ್ತಾಗಿ ಇಬ್ಬರೂ ಮುಖ ಮುಚ್ಚಿಕೊಂಡಿದ್ದೆವು. ಆಮೇಲೆ ನೀನೇ, "ಬಿಡು, ಇಬ್ರೂ ಒಂದೇ ಅಲ್ವಾ" ಅಂದೆ. ಆ ಮಾತು ಹಿಡಿದುಕೊಂಡು ನಾನು ಇಷ್ಟು ದೂರ ಬಂದಿದ್ದೇನೆ. ಈಗ ಒಂದೇ ಅಲ್ಲ. ನನ್ನದು ಒಂದು ಹೆಚ್ಚು. ನೀನು ತಪ್ಪಿಸಿಕೊಂಡೆ ಅಂತ ಖುಷಿಯಾಯಿತು, ಅದರ ಬೆನ್ನಿಗೇ ಎದೆಯಲ್ಲಿ ಚುರುಕ್ ಅಂತು. ಪರದೆಯ ಒಳಗೂ ನಾನು ಒಬ್ಬಳೇ ಇದ್ದೆನಲ್ಲ ಅಂತ.

ಆದರೂ ಆ ಮೊದಲನೆಯದು ಒಂದಿದೆ. ಹೆದರಿಕೆ ಇದ್ದರೆ ಅಲ್ಲಿನ ನರ್ಸಿಗೆ ಮೊದಲೇ ಹೇಳು, ಮಲಗಿಸಿ ತೆಗೆಯುತ್ತಾರೆ. ಕೂತು ಕೊಡಬೇಡ, ಬೀಳುತ್ತೀಯ. ಸ್ಟೂಲನ್ನು ಬೈಯಬೇಡ.

ಗೋಂದು


೨೯ ಜೂನ್

ಗೋಂದು,

ಹೋದೆ.

ಬೆಳಿಗ್ಗೆಯೇ ವಾರ್ಡನ್ ಜೊತೆ ಜಗಳ ತೆಗೆದೆ, ಚಪ್ಪಲಿ ಮೆಟ್ಟುವ ಹೊತ್ತಿಗೆ ಯಾಕೆ ಅಂತ ಹೊಳೆದು ಸುಮ್ಮನಾದೆ. ಮಲಗಿಸಿ ತೆಗೆಯಿರಿ ಅಂದೆ. ನರ್ಸು ನನ್ನ ದೊಡ್ಡ ಮೈ ನೋಡಿದಳು, ನಗಲಿಲ್ಲ. ಹೊಸ ಪೊಟ್ಟಣ ಕೈಗೆ ತಗೊಂಡಾಗ, ನನ್ನ ಕಿವಿಯ ಹತ್ತಿರ ತಂದು ಹರಿಯಿರಿ ಅಂದೆ. ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಆದರೂ ಹತ್ತಿರ ತಂದು ಹರಿದಳು. ಸರ್ರ್ ಅಂತು. ಕಣ್ಣು ಮುಚ್ಚಿಕೊಂಡೆ. ನೀನು ಪಕ್ಕದಲ್ಲಿ ಚೀಲ ಹಿಡಿದು ಕೂತು ಮೆಲ್ಲಗೆ, ಮೆಲ್ಲಗೆ ಅನ್ನುತ್ತಿರುವ ಹಾಗಿತ್ತು. ಕಿರಿಕಿರಿಯಾಯಿತು, ಅಷ್ಟರಲ್ಲಿ ಮುಗಿದಿತ್ತು.

ಸಿ ಇಲ್ಲ. ಬಿ ಇಲ್ಲ. ಆದರೆ ಬಿ ಬಾರದಂತೆ ತಡೆಯುವ ಶಕ್ತಿಯೂ ಮೈಯಲ್ಲಿ ಇಲ್ಲವಂತೆ, ಅದಕ್ಕೆ ಲಸಿಕೆ. ಒಂದಲ್ಲ, ಮೂರು ಸೂಜಿ. ಎಲ್ಲಾ ನಿನ್ನಿಂದ. ಮೊದಲನೆಯದು ಪರೀಕ್ಷೆಯ ಚೀಟಿ ಬಂದ ದಿನವೇ ಚುಚ್ಚಿದರು. ಬೀಳಲಿಲ್ಲ.

ಒಳಗೇ ಹೋದಳಲ್ಲ ಒಬ್ಬಳು, ಮುಟ್ಟೋರು ಯಾರಿದ್ದಾರೆ ಅಂತ. ಅವಳಿಗೆ ಏನು ಹೇಳಬೇಕು ಅಂತ ನೀನು ಕೇಳಿದ್ದೆ. ಏನೂ ಹೇಳಬೇಡ. ಅವಳ ತೋಳು ಹಿಡಿದುಕೊಂಡು ಕೂತುಕೋ.

ಕತ್ತರಿ


೧೨ ಜುಲೈ

ಕತ್ತರಿಗೆ,

ನಿನ್ನ ಕಾಗದ ಅತ್ತಿಗೆಯ ಕೈಗೆ ಸಿಕ್ಕಿತ್ತು. ತೆರೆದಿರಲಿಲ್ಲ. ನೀನು ಬಳಿದ ಗೋಂದು ನೀರುನೀರು, ತೆರೆಯಬೇಕೆಂದಿದ್ದರೆ ಊದಿದರೆ ಸಾಕಿತ್ತು. ಇನ್ನು ಮೇಲೆ ಗಟ್ಟಿಯದು ಬಳಿ.

ನನ್ನ ಮಾತ್ರೆ ಈ ವಾರ ಮುಗಿಯಿತು. ಹೋಯಿತೋ ಇಲ್ಲವೋ ನೋಡಲು ಇನ್ನೂ ಮೂರು ತಿಂಗಳು ಕಾಯಬೇಕಂತೆ. ಯಂತ್ರ ಅಷ್ಟರಲ್ಲಿ ಕೆಡುತ್ತದೆ, ನನಗೆ ಗೊತ್ತು.

ಅವಳ ತೋಳು ಹಿಡಿದು ಕೂತೆ. ಮೊದಲ ದಿನ ಕೊಡವಿಕೊಂಡಳು. ಎರಡನೆಯ ದಿನ ಕೂತಳು, ಒಳಗೆ ಹೋಗಲಿಲ್ಲ. ಮೂರನೆಯ ದಿನ ಕಿವಿ ಮಂದದವಳೂ ಬಂದು ಕೂತಳು, ಹೊಸ್ತಿಲಲ್ಲಿ ಜಾಗವಿಲ್ಲದೆ ಟೈರು ಅಂಗಡಿಯವನು ನಮ್ಮನ್ನು ದಾಟಿಕೊಂಡು ಒಳಗೆ ಹೋಗಬೇಕಾಯಿತು. ನಿನ್ನೆ ಮಾವ ಹೊರಗೆ ಬಂದು ನೀಲಿ ಮುಚ್ಚಳದ ಡಬ್ಬಿಯನ್ನು ನನ್ನ ಮಡಿಲಿಗೆ ಹಾಕಿ, "ತಗೊಂಡು ಹೋಗು, ಬಾಗಿಲು ಬಿಟ್ಟು ಏಳ್ರಮ್ಮ" ಅಂದ. ನರ್ಸಮ್ಮನಿಗೆ ಕೊಟ್ಟೆ, ಅವಳು ಇಕ್ಕಳದಲ್ಲಿ ಹಿಡಿದು ಬಳಸಿದ ಸೂಜಿ ಬಿಸಾಡುವ ತೊಟ್ಟಿಗೆ ಹಾಕಿದಳು. ಇವತ್ತು ಒಳಗಿಂದ ಒಂದು ಸರ್ರ್ ಕೇಳಿಸಿತು. ಯಾರಿಗೆ ಹರಿದನೋ ನೋಡಲಾಗಲಿಲ್ಲ. ನಾಳೆ ಮತ್ತೆ ಹೋಗಿ ಕೂರುತ್ತೇನೆ.

ಬೀಳಲಿಲ್ಲ ಅಂತ ಬರೆದಿದ್ದೀಯ, ಸರಿ. ತೋಳು ಊದಿತಾ? ಜ್ವರ ಬಂತಾ? ಮತ್ತೆ ಎರಡನೆಯ ಸೂಜಿ ಯಾವತ್ತು ಅಂತ ಬರೆದೇ ಇಲ್ಲ ನೀನು, ಬೇಕಂತಲೇ ಬಿಟ್ಟಿದ್ದೀಯ. ತಾರೀಖು ಬರಿ. ಎರಡು ದಿನ ರಜೆ ಕೇಳಬೇಕು, ಮೇಸ್ತ್ರಿಗೆ ಈ ಸಲ ದವಡೆ ಹಲ್ಲು ಅಂತ ಹೇಳುತ್ತೇನೆ.

ಚೀಲ ಹಿಡಿಯಲು ಬರುವವಳು,
ಗೋಂದು